ಲೆಕ್ಕಕ್ಕೆ ಬಾರದ ಕೂಸುಗಳು

ನಾನು ವೈದ್ಯಶಾಸ್ತ್ರವನ್ನು ಓದಿದವಳಲ್ಲ. ಇತಿಹಾಸ, ಅರ್ಥಶಾಸ್ತ್ರ, ಕನ್ನಡ ಇವು ನನ್ನ ಐಚ್ಛಿಕ ವಿಷಯಗಳು. ಹೀಗಿದ್ದೂ ದಿನ ತುಂಬದೆ ಹುಟ್ಟುವ ಮಕ್ಕಳನ್ನು ಕುರಿತು, ಅವರಿಗಾಗಿ ಹೆರಿಗೆಗೆ ಮುಂಚೆಯೇ ತಾಯಿಗೆ ಕೊಡುವ ಔಷಧಗಳನ್ನು ಕುರಿತು ಬರೆಯಹೊರಟದ್ದು ಕೆಲವರಿಗೆ ಸಾಹಸವೆಂದು ತೋರಬಹುದು. ಆದರೆ ನಾನು ಬರೆಯಬೇಕೆಂದಿರುವುದು ಔಷಧದ ಗುಣವನ್ನಲ್ಲ. ಆ ಗುಣವನ್ನು ನಾವು ಅಳೆಯುವ ಬಗೆಯನ್ನು. ಅಳತೆಯ ಮಾತು ಎಲ್ಲರಿಗೂ ಸಂಬಂಧಪಟ್ಟದ್ದು. ತಕ್ಕಡಿ ಸರಿಯಾಗಿದೆಯೆ ಎಂದು ಕೇಳಲು ಗಿರಾಕಿಯು ಸ್ವತಃ ಅಕ್ಕಸಾಲಿಗನಾಗಿರಬೇಕಾಗಿಲ್ಲವಷ್ಟೆ.

ಎರಡು ವರ್ಷಗಳ ಹಿಂದೆ ನನ್ನ ಅಕ್ಕ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಏಳು ತಿಂಗಳು ತುಂಬಿ ಕೆಲವೇ ದಿನಗಳಾಗಿದ್ದುವು. ಒಂದು ರಾತ್ರಿ ಇದ್ದಕ್ಕಿದ್ದಂತೆ ನೋವು ಕಾಣಿಸಿಕೊಂಡಿತು. ಆಂಬುಲೆನ್ಸ್ ತರಿಸಿ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆವು. ವೈದ್ಯರು ಅವಳ ತಾಯಿ ಕಾರ್ಡನ್ನು ನೋಡಿ, ಮೂವತ್ತೊಂದು ವಾರವೆಂದು ಲೆಕ್ಕ ಹಾಕಿ, ಮಗುವಿನ ಶ್ವಾಸಕೋಶ ಬಲಿಯುವುದಕ್ಕಾಗಿ ಇಂಜೆಕ್ಷನ್ ಕೊಡುತ್ತೇವೆಂದರು. ಹನ್ನೆರಡು ಗಂಟೆಗೊಂದರಂತೆ ನಾಲ್ಕು ಸಲ ಕೊಟ್ಟರು. ಮೂರನೆಯ ದಿನ ಗಂಡುಮಗು ಹುಟ್ಟಿತು. ತೂಕ ಒಂದೂವರೆ ಕಿಲೋ. ಮೂರು ವಾರ ನವಜಾತ ಶಿಶುಗಳ ವಾರ್ಡಿನಲ್ಲಿದ್ದು ಮನೆಗೆ ಬಂದ. ಈಗ ಅಂಗಳದಲ್ಲಿ ಕೋಳಿಗಳನ್ನು ಅಟ್ಟಿಸಿಕೊಂಡು ಓಡುತ್ತಾನೆ.

ಅಕ್ಕನ ಪಕ್ಕದ ಮಂಚದಲ್ಲಿ ಇನ್ನೊಬ್ಬ ಹೆಂಗಸಿದ್ದಳು. ಅವಳಿಗೂ ಸುಮಾರು ಅಷ್ಟೇ ತಿಂಗಳು, ಅದೇ ಇಂಜೆಕ್ಷನ್. ಎರಡನೆಯ ದಿನ ಹೊಟ್ಟೆಯಲ್ಲಿ ಮಗು ಮಿಸುಕುತ್ತಿಲ್ಲವೆಂದು ಅವಳು ಹೇಳಿದಳು. ಆ ಸಂಜೆ ಮಗು ಸತ್ತೇ ಹುಟ್ಟಿತು. ಅದರ ಮರುತಿಂಗಳು ನಮ್ಮ ಬೀದಿಯ ಒಂದು ಮನೆಯ ಸೊಸೆಗೂ ಎಂಟನೆಯ ತಿಂಗಳಲ್ಲಿ ನೋವು ಬಂದು, ಇಂಜೆಕ್ಷನ್ ಆಗಿ, ನೋವು ತಾನಾಗಿಯೇ ನಿಂತುಹೋಯಿತು. ಆಕೆ ದಿನ ತುಂಬಿದ ಮೇಲೆ ಬೇರೊಂದು ಊರಿನಲ್ಲಿ ಹೆತ್ತಳು.

ನವಜಾತ ಶಿಶುಗಳ ವಾರ್ಡಿನ ಹೊರಗೆ ಒಂದು ಹಲಗೆಯಿತ್ತು. ರಾತ್ರಿಯೆಲ್ಲ ಅದರ ಕೆಳಗಿನ ಬೆಂಚಿನ ಮೇಲೆ ಕುಳಿತಿರುತ್ತಿದ್ದ ನನಗೆ ಅದು ಬಾಯಿಪಾಠವಾಗಿಹೋಗಿತ್ತು. ಆ ತಿಂಗಳು ವಾರ್ಡಿಗೆ ಸೇರಿದ ದಿನ ತುಂಬದ ಮಕ್ಕಳೆಷ್ಟು, ತಾಯಿಗೆ ಇಂಜೆಕ್ಷನ್ ಆದವರೆಷ್ಟು, ಗುಣವಾಗಿ ಮನೆಗೆ ಹೋದವರೆಷ್ಟು ಎಂದು ಅದರಲ್ಲಿ ಬರೆಯುತ್ತಿದ್ದರು. ನನ್ನ ಅಕ್ಕನ ಮಗ ಮನೆಗೆ ಹೊರಟ ದಿನ ಕೊನೆಯ ಅಂಕಿಯನ್ನು ಅಳಿಸಿ ಒಂದು ಹೆಚ್ಚಿಸಿದರು. ನಮಗೆಲ್ಲ ಆನಂದವಾಯಿತು. ಆದರೆ ಪಕ್ಕದ ಮಂಚದವಳ ಕೂಸು ಆ ಹಲಗೆಯ ಮೇಲೆ ಬರಲೇ ಇಲ್ಲ. ಅದು ವಾರ್ಡಿನೊಳಕ್ಕೆ ಕಾಲಿಡಲಿಲ್ಲವಲ್ಲ! ನಮ್ಮ ಬೀದಿಯ ಸೊಸೆಯ ಕೂಸೂ ಬರಲಿಲ್ಲ. ಅದು ದಿನ ತುಂಬಿ ಹುಟ್ಟಿತು. ಔಷಧವನ್ನು ಪಡೆದ ತಾಯಂದಿರು ಮೂವರು. ಔಷಧದ ಲೆಕ್ಕಕ್ಕೆ ಸಿಕ್ಕಿದವಳು ಒಬ್ಬಳು.

ಇದನ್ನು ನಮ್ಮ ಅರ್ಥಶಾಸ್ತ್ರದ ಮೇಷ್ಟ್ರಿಗೆ ಹೇಳಿದೆ. ಅವರು ನಕ್ಕು, "ಯಾರಾದರೂ ಶೇಕಡ ಹೇಳಿದರೆ ಅಂಶವನ್ನು ನೋಡಿ ಹಿಗ್ಗಬೇಡಮ್ಮ, ಛೇದದಲ್ಲಿ ಯಾರು ಯಾರು ಇದ್ದಾರೆಂದು ಕೇಳು" ಎಂದರು. ಈ ಮಾತಿನ ಬೆಲೆ ನಮ್ಮ ವಿದ್ಯಾರ್ಥಿ ಮಿತ್ರರಿಗೆ ಬಹು ಬೇಗ ತಿಳಿಯಬೇಕು. ಹಾಜರಿ ಸಾಲದೆಂದು ಹತ್ತು ಮಂದಿಗೆ ಪ್ರವೇಶಪತ್ರವನ್ನೇ ಕೊಡದೆ, ಪರೀಕ್ಷೆಗೆ ಕುಳಿತ ಉಳಿದವರಲ್ಲಿ ನೂರಕ್ಕೆ ತೊಂಬತ್ತೈದು ಮಂದಿ ತೇರ್ಗಡೆಯಾದರೆಂದು ಸಾರುವ ಸಂಸ್ಥೆಯನ್ನು ನಾವು ಮೆಚ್ಚುತ್ತೇವೆಯೆ? ಸಾರಿದ ಅಂಕಿಯಲ್ಲಿ ಸುಳ್ಳಿಲ್ಲ. ಆದರೆ ಪಾಠ ಹೇಳಿದ್ದರಿಂದ ಏನಾಯಿತು ಎಂಬ ಪ್ರಶ್ನೆಗೆ ಅದು ಉತ್ತರವೂ ಅಲ್ಲ.

ಮೊದಲು ಈ ಇಂಜೆಕ್ಷನ್ನಿನ ಕಥೆಯನ್ನು ಸ್ವಲ್ಪ ಹೇಳುತ್ತೇನೆ. ನ್ಯೂಜಿಲೆಂಡಿನ ಆಕ್ಲೆಂಡ್ ನಗರದಲ್ಲಿ ಗ್ರಹಾಂ ಲಿಗಿನ್ಸ್ ಎಂಬ ವೈದ್ಯರಿದ್ದರು. ಹೆರಿಗೆ ಏಕೆ, ಹೇಗೆ ಆರಂಭವಾಗುತ್ತದೆ ಎಂಬುದನ್ನು ತಿಳಿಯಲು ಅವರು ಕುರಿಗಳ ಮೇಲೆ ಪ್ರಯೋಗ ನಡೆಸುತ್ತಿದ್ದರು. ಸ್ಟಿರಾಯ್ಡ್ ಕೊಟ್ಟಾಗ ತೀರ ಮುಂಚಿತವಾಗಿ ಹುಟ್ಟಿದ ಕುರಿಮರಿಯೊಂದು, ಸಾಯಬೇಕಾದ್ದು, ಉಸಿರಾಡುತ್ತ ಬದುಕಿದ್ದುದನ್ನು ಕಂಡು ಅವರಿಗೆ ಆಶ್ಚರ್ಯವಾಯಿತು. ಅದರ ಶ್ವಾಸಕೋಶವು ನಿರೀಕ್ಷೆಗಿಂತ ಮುಂಚೆಯೇ ಬಲಿತಿತ್ತು. 1969ರಲ್ಲಿ ಇದನ್ನು ಪ್ರಕಟಿಸಿದರು. ಅದೇ ವರ್ಷದ ಕೊನೆಯಲ್ಲಿ ಮಕ್ಕಳ ವೈದ್ಯರಾದ ರಾಸ್ ಹೋವಿಯವರೊಡನೆ ಸೇರಿ ತಾಯಂದಿರಲ್ಲಿ ಪರೀಕ್ಷೆಯನ್ನು ಆರಂಭಿಸಿದರು. ಯಾರಿಗೆ ಔಷಧ, ಯಾರಿಗೆ ಇಲ್ಲ ಎಂಬುದನ್ನು ವೈದ್ಯರ ಇಷ್ಟಕ್ಕೆ ಬಿಡದೆ, ಚೀಟಿ ಎತ್ತಿದಂತೆ ನಿರ್ಧರಿಸಿದರು. 1972ರಲ್ಲಿ 282 ತಾಯಂದಿರ ಫಲಿತಾಂಶ ಹೊರಬಂದಿತು. ತಾನಾಗಿಯೇ ಮುಂಚಿತವಾಗಿ ಆದ ಹೆರಿಗೆಗಳಲ್ಲಿ, ಔಷಧ ಪಡೆದವರ ಮಕ್ಕಳಲ್ಲಿ ಉಸಿರಾಟದ ತೊಂದರೆ ಶೇಕಡ 9. ಪಡೆಯದವರಲ್ಲಿ ಶೇಕಡ 25.8. ಮೊದಲ ವಾರದ ಸಾವು ಶೇಕಡ 3.2, ಪಡೆಯದವರಲ್ಲಿ ಶೇಕಡ 15.

ಈ ಪ್ರಬಂಧದ ಇನ್ನೊಂದು ಗುಣವನ್ನು ನಾನು ಹೆಚ್ಚು ಗೌರವಿಸುತ್ತೇನೆ. ಇವರು ಬದುಕಿ ಹುಟ್ಟಿದವರನ್ನು ಮಾತ್ರ ಎಣಿಸಿ ಸುಮ್ಮನಾಗಲಿಲ್ಲ. ಗರ್ಭದಲ್ಲಿಯೇ ಸತ್ತವರನ್ನೂ ಎಣಿಸಿದರು. ರಕ್ತದೊತ್ತಡ ವಿಪರೀತವಾಗಿದ್ದ ತಾಯಂದಿರಲ್ಲಿ, ಔಷಧ ಪಡೆದವರ ಕೂಸುಗಳು ಗರ್ಭದಲ್ಲಿಯೇ ಸಾಯುವ ಅಪಾಯ ಹೆಚ್ಚಿರಬಹುದೆಂದು ತಾವೇ ಎಚ್ಚರಿಕೆ ಕೊಟ್ಟರು. ಮುಂದಿನ ಪರೀಕ್ಷೆಗಳೆಲ್ಲವನ್ನೂ ಕೂಡಿಸಿ ನೋಡಿದಾಗ ಆ ಭಯ ನಿಜವಾಗಲಿಲ್ಲ. ಭಯವನ್ನು ಹುಟ್ಟಿಸಿದ್ದೂ ಪೂರ್ಣ ಲೆಕ್ಕ, ಅದನ್ನು ಕಳೆದದ್ದೂ ಪೂರ್ಣ ಲೆಕ್ಕ. ಮುಚ್ಚಿಟ್ಟಿದ್ದರೆ ಆ ಸಂಶಯವು ಇಂದಿಗೂ ಗುಸುಗುಸು ಮಾತಾಗಿ ಉಳಿಯುತ್ತಿತ್ತು.

ಚೀಟಿ ಎತ್ತುವುದು ಏಕೆ ಬೇಕು? ವೈದ್ಯರಿಗೆ ತೋಚಿದಂತೆ ಕೊಟ್ಟು ಫಲವನ್ನು ನೋಡಿದರೆ ಸಾಲದೆ? ಸಾಲದು ಎಂಬುದಕ್ಕೆ ಒಂದು ದುಃಖದ ಉದಾಹರಣೆಯುಂಟು. ಗರ್ಭಪಾತವನ್ನೂ ಅಕಾಲ ಹೆರಿಗೆಯನ್ನೂ ತಡೆಯುವುದೆಂದು ಅಮೆರಿಕದಲ್ಲಿ ಡೈಈಥೈಲ್‌ಸ್ಟಿಲ್ಬೆಸ್ಟ್ರಾಲ್ ಎಂಬ ಔಷಧವನ್ನು ಗರ್ಭಿಣಿಯರಿಗೆ ಕೊಡುತ್ತಿದ್ದರು. 1948ರಲ್ಲಿ ಬಂದ ವರದಿಯು ಅದನ್ನು ಬಹುವಾಗಿ ಹೊಗಳಿತು. ಆದರೆ ಔಷಧ ಪಡೆದವರನ್ನು ಅವರಂಥವರೇ ಆದ, ಔಷಧ ಪಡೆಯದವರೊಡನೆ ಅದು ಸರಿಯಾಗಿ ಹೋಲಿಸಿರಲಿಲ್ಲ. ಹೊಸ ಔಷಧವನ್ನು ಪಡೆದವರಿಗೆ ವೈದ್ಯರ ಗಮನವೂ ವಿಶ್ರಾಂತಿಯೂ ಧೈರ್ಯವೂ ಹೆಚ್ಚಾಗಿ ದೊರೆಯುವುದು ಸಹಜ. ಆ ಪುಣ್ಯವೆಲ್ಲ ಔಷಧದ ಖಾತೆಗೆ ಜಮೆಯಾಗುತ್ತದೆ. 1953ರಲ್ಲಿ ಷಿಕಾಗೋದಲ್ಲಿ ಸರಿಯಾಗಿ ಹೋಲಿಸಿ ನೋಡಿದಾಗ ಯಾವ ಲಾಭವೂ ಕಾಣಲಿಲ್ಲ. ಆದರೂ ಔಷಧ ನಿಲ್ಲಲಿಲ್ಲ. 1971ರಲ್ಲಿ, ಗರ್ಭದಲ್ಲಿದ್ದಾಗ ಈ ಔಷಧ ಸೋಂಕಿದ ಹೆಣ್ಣುಮಕ್ಕಳಲ್ಲಿ ಅಪರೂಪದ ಒಂದು ಕ್ಯಾನ್ಸರ್ ಕಾಣಿಸಿಕೊಂಡದ್ದು ಬೆಳಕಿಗೆ ಬಂದ ಮೇಲೆಯೇ ಅಮೆರಿಕದ ಸರ್ಕಾರವು ಅದನ್ನು ಗರ್ಭಿಣಿಯರಿಗೆ ಕೊಡಕೂಡದೆಂದು ಹೇಳಿದ್ದು.

ನಮ್ಮ ಆಸ್ಪತ್ರೆಯ ಹಲಗೆಯಲ್ಲಿಯೂ ಇದೇ ತೊಡಕು ಬೇರೆ ವೇಷದಲ್ಲಿದೆ. ಇಂಜೆಕ್ಷನ್ ಆಗದ ತಾಯಿ ಯಾರು? ಗಂಟೆಗಟ್ಟಲೆ ರಸ್ತೆಯಲ್ಲಿ ಕಳೆದು, ರಕ್ತಸ್ರಾವವಾಗುತ್ತ, ಬಾಗಿಲಿಗೆ ಬಂದ ಅರ್ಧ ಗಂಟೆಗೆ ಹೆತ್ತವಳು. ಇಂಜೆಕ್ಷನ್ ಪೂರ್ತಿ ಆದ ತಾಯಿ ಯಾರು? ನನ್ನ ಅಕ್ಕನಂತೆ, ಮೂರು ದಿನ ಹೆರಿಗೆ ತಡೆದುನಿಂತವಳು. ಇವರಿಬ್ಬರ ಮಕ್ಕಳನ್ನು ಹೋಲಿಸಿದರೆ ನಾವು ಅಳೆಯುತ್ತಿರುವುದು ಔಷಧವನ್ನೋ, ಕಾಲಾವಕಾಶವನ್ನೋ? ಇಂಜೆಕ್ಷನ್ ಆದ ಒಂದು ದಿನದಿಂದ ಏಳು ದಿನದೊಳಗೆ ಹುಟ್ಟಿದ ಮಕ್ಕಳಿಗೆ ಲಾಭ ಹೆಚ್ಚು, ಆಮೇಲೆ ಕಡಿಮೆ ಎಂಬುದು ಬಹುಕಾಲದಿಂದ ನಡೆದುಬಂದ ಮಾತು. 2007ರಲ್ಲಿ ಗೇಟ್ಸ್ ಮತ್ತು ಬ್ರಾಕಲ್‌ಹರ್ಸ್ಟ್ ಎಂಬ ಇಬ್ಬರು ಸಂಶೋಧಕರು ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಈ ಮಾತನ್ನೇ ಪ್ರಶ್ನಿಸಿದರು. ಚೀಟಿ ಎತ್ತುವಾಗ ಯಾರು ಎಷ್ಟು ದಿನಕ್ಕೆ ಹೆರುತ್ತಾರೆಂದು ಯಾರಿಗೂ ಗೊತ್ತಿರುವುದಿಲ್ಲ. ಹೆತ್ತ ಮೇಲೆ ದಿನದ ಲೆಕ್ಕದಲ್ಲಿ ಅವರನ್ನು ಗುಂಪು ಮಾಡಿದರೆ ಚೀಟಿ ಎತ್ತಿದ ಪ್ರಯೋಜನವೇ ಹೋಗುತ್ತದೆ. ಲಾಭ ಕಡಿಮೆಯಾಗುವುದು ನಿಜವೂ ಇರಬಹುದು. ಎಣಿಕೆಯ ಮಾಯೆಯೂ ಇರಬಹುದು. ನ್ಯಾಯವಾದ ಹೋಲಿಕೆಯಿಲ್ಲದೆ ಹೇಳುವಂತಿಲ್ಲ ಎಂಬುದು ಅವರ ವಾದ.

ಇನ್ನು ಬದುಕುಳಿದವರನ್ನು ಮಾತ್ರ ಎಣಿಸುವ ದೋಷ. ಇದು ಬಹಳ ಸೂಕ್ಷ್ಮವಾದುದು. ದಿನ ತುಂಬದೆ ಹುಟ್ಟಿದ ಮಕ್ಕಳಲ್ಲಿ ಕೆಲವರಿಗೆ ಮುಂದೆ ಸೆರೆಬ್ರಲ್ ಪಾಲ್ಸಿ ಎಂಬ ಅಂಗವೈಕಲ್ಯ ಬರುತ್ತದೆ. 1995ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನೆಲ್ಸನ್ ಮತ್ತು ಗ್ರೆದರ್ ಎಂಬುವರು, ತೀರ ಕಡಿಮೆ ತೂಕದಲ್ಲಿ ಹುಟ್ಟಿ ಮೂರು ವರ್ಷದವರೆಗೆ ಬದುಕಿದ ಮಕ್ಕಳನ್ನು ನೋಡಿದರು. ಈ ರೋಗವಿದ್ದವರ ತಾಯಂದಿರಲ್ಲಿ ಹೆರಿಗೆಗೆ ಮುಂಚೆ ಮೆಗ್ನೀಸಿಯಂ ಸಲ್ಫೇಟ್ ಪಡೆದವರು ಶೇಕಡ 7.1, ರೋಗವಿಲ್ಲದವರ ತಾಯಂದಿರಲ್ಲಿ ಶೇಕಡ 36. ಎಂತಹ ಅಂತರ! ಆದರೆ ಮೂರು ವರ್ಷದೊಳಗೆ ಸತ್ತ ಮಗು ಈ ಪಟ್ಟಿಯಲ್ಲಿಯೇ ಇಲ್ಲ. ಸತ್ತ ಮಗುವಿಗೆ ಅಂಗವೈಕಲ್ಯ ಬರುವುದಿಲ್ಲ. ಒಂದು ಔಷಧವು ದುರ್ಬಲ ಮಕ್ಕಳನ್ನು ಕೊಂದಿತೆಂದೇ ಊಹಿಸಿಕೊಳ್ಳಿ; ಆಗಲೂ ಉಳಿದವರಲ್ಲಿ ಅಂಗವೈಕಲ್ಯವು ಕಡಿಮೆಯಾಗಿ, ಔಷಧಕ್ಕೆ ಕೀರ್ತಿ ಬರುತ್ತದೆ.

ಆದುದರಿಂದಲೇ 2008ರಲ್ಲಿ ಅಮೆರಿಕದಲ್ಲಿ 2241 ತಾಯಂದಿರಲ್ಲಿ ಚೀಟಿ ಎತ್ತಿ ನಡೆಸಿದ ಪರೀಕ್ಷೆಯ ವರದಿಯು ಸಾವನ್ನೂ ಅಂಗವೈಕಲ್ಯವನ್ನೂ ಒಟ್ಟಿಗೆ ಎಣಿಸಿತು. ಮಧ್ಯಮ ಅಥವಾ ತೀವ್ರ ಅಂಗವೈಕಲ್ಯವು ಮೆಗ್ನೀಸಿಯಂ ಪಡೆದವರಲ್ಲಿ ಶೇಕಡ 1.9, ಪಡೆಯದವರಲ್ಲಿ ಶೇಕಡ 3.5. ಸಾವು ಮಾತ್ರ ಪಡೆದವರಲ್ಲಿ ಶೇಕಡ 9.5, ಪಡೆಯದವರಲ್ಲಿ ಶೇಕಡ 8.5. ಎರಡನ್ನೂ ಕೂಡಿಸಿದರೆ 11.3 ಮತ್ತು 11.7, ಅಂತರವಿಲ್ಲವೆಂದೇ ಹೇಳಬೇಕು. ಸಾವಿನ ಆ ಒಂದು ಅಂಕದ ವ್ಯತ್ಯಾಸ ಆಕಸ್ಮಿಕವೋ, ಅಲ್ಲವೋ? ಐದು ಪರೀಕ್ಷೆಗಳ 6145 ಮಕ್ಕಳನ್ನು ಒಟ್ಟುಗೂಡಿಸಿ 2009ರಲ್ಲಿ ನೋಡಿದಾಗ ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಂಗವೈಕಲ್ಯವು ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆಯಾಗಿತ್ತು. ಅಂದರೆ ಔಷಧ ಒಳ್ಳೆಯದೇ. ಆದರೆ 1995ರ ಅಂಕಿಗಳನ್ನು ನೋಡಿ ಆಸೆಪಟ್ಟಷ್ಟು ಒಳ್ಳೆಯದಲ್ಲ. ಈ ನಿಶ್ಚಯ ದೊರೆತದ್ದು ಸತ್ತವರನ್ನೂ ಎಣಿಸಿದ್ದರಿಂದ.

ಮೂರನೆಯ ದೋಷವು ದಿನ ತುಂಬದೆ ಹುಟ್ಟಿದವರನ್ನು ಮಾತ್ರ ಬೇರೆ ಮಾಡಿ ನೋಡುವುದರಿಂದ ಬರುತ್ತದೆ. ಇದನ್ನು ವಿದ್ಯಾರ್ಥಿನಿಲಯದ ದೃಷ್ಟಾಂತದಿಂದ ವಿವರಿಸುತ್ತೇನೆ. ಒಳ್ಳೆಯ ಅಂಕ ಪಡೆದವರಿಗೆ ಅಥವಾ ಒಳ್ಳೆಯ ಆಟಗಾರರಿಗೆ ಮಾತ್ರ ಪ್ರವೇಶ ಕೊಡುವ ಒಂದು ನಿಲಯವಿದೆ ಎಂದಿಟ್ಟುಕೊಳ್ಳಿ. ಒಳಹೊಕ್ಕು ನೋಡಿದರೆ ಆಟಗಾರರ ಅಂಕ ಇತರರಿಗಿಂತ ಕಡಿಮೆಯಾಗಿಯೇ ಕಾಣುವುದು. ಆಟವು ಓದನ್ನು ಕೆಡಿಸುತ್ತದೆಂದು ವಾರ್ಡನ್ನರು ಸಿದ್ಧಾಂತ ಮಾಡಿಬಿಡಬಹುದು! ನಿಜಸ್ಥಿತಿ ಏನೆಂದರೆ, ಆಟದಲ್ಲಿ ಮುಂದಿಲ್ಲದವನು ಒಳ್ಳೆಯ ಅಂಕವಿಲ್ಲದೆ ಒಳಗೆ ಬರುವಂತೆಯೇ ಇರಲಿಲ್ಲ. ಬಾಗಿಲಿನ ನಿಯಮವೇ ಆ ಸಂಬಂಧವನ್ನು ಹುಟ್ಟಿಸಿತು.

ಕಡಿಮೆ ತೂಕದ ಮಕ್ಕಳ ವಿಷಯದಲ್ಲಿ ಹೀಗೆಯೇ ಆಯಿತು. ಯೆರುಷಾಲ್ಮಿ ಎಂಬ ಅಮೆರಿಕದ ಸಂಖ್ಯಾಶಾಸ್ತ್ರಜ್ಞರು 1971ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಕಡಿಮೆ ತೂಕದ ಕೂಸುಗಳ ಪೈಕಿ, ಸಿಗರೇಟು ಸೇದುವ ತಾಯಂದಿರ ಕೂಸುಗಳು ಸೇದದವರ ಕೂಸುಗಳಿಗಿಂತ ಕಡಿಮೆ ಸಾಯುತ್ತಿದ್ದುವು. ಹಾಗಾದರೆ ಗರ್ಭಿಣಿಯರು ಸಿಗರೇಟು ಸೇದಬೇಕೆ? ಬಹುಕಾಲ ಈ ಒಗಟು ವಿದ್ವಾಂಸರನ್ನು ಕಾಡಿತು. ಹೆರ್ನಾಂಡೆಸ್-ಡಯಾಸ್ ಮತ್ತು ಸಂಗಡಿಗರು 2006ರಲ್ಲಿ ಇದನ್ನು ಬಿಡಿಸಿ ತೋರಿಸಿದರು. ಸೇದುವವಳ ಕೂಸು ಹಗುರಾಗಲು ಸಿಗರೇಟೇ ಸಾಕು. ಸೇದದವಳ ಕೂಸು ಹಗುರಾಗಿದ್ದರೆ ಅದಕ್ಕೆ ಬೇರೆ ಕಾರಣವಿರಬೇಕು; ಅಂಗದೋಷವೋ ಮತ್ತೇನೋ, ಸಿಗರೇಟಿಗಿಂತ ಘೋರವಾದದ್ದು. ಔಷಧಕ್ಕೂ ಇದೇ ನ್ಯಾಯ. ಹೆರಿಗೆಯನ್ನು ಮುಂದಕ್ಕೆ ತಳ್ಳುವ ಔಷಧವೊಂದು ಸೌಮ್ಯ ತೊಂದರೆಯವರಲ್ಲಿ ಫಲಿಸಿದರೆ ಅವರು ದಿನ ತುಂಬಿದವರ ಗುಂಪಿಗೆ ಹೋಗುತ್ತಾರೆ. ಔಷಧ ಪಡೆದೂ ಮುಂಚೆಯೇ ಹೆತ್ತವರು ಉಳಿದವರಿಗಿಂತ ಕಷ್ಟದಲ್ಲಿರುವವರು. ಅವರ ಮಕ್ಕಳನ್ನಷ್ಟೇ ನೋಡಿದರೆ ಒಳ್ಳೆಯ ಔಷಧವೂ ಕೆಟ್ಟದ್ದಾಗಿ ಕಾಣುತ್ತದೆ.

ಇದೆಲ್ಲ ದೂರದ ದೇಶಗಳ ಮಾತಾಯಿತೆಂದು ಓದುಗರು ಬೇಸರಿಸಬಾರದು. ಈ ಪಾಠದ ಅತಿ ಮುಖ್ಯವಾದ ಅಧ್ಯಾಯದಲ್ಲಿ ನಮ್ಮ ಬೆಳಗಾವಿಯ ಹೆಸರೂ ಸೇರಿದೆ. ಸ್ಟಿರಾಯ್ಡ್ ಅಗ್ಗವಾದ ಔಷಧ. ಬಡದೇಶಗಳ ಹಳ್ಳಿಹಳ್ಳಿಗೂ ಅದನ್ನು ಮುಟ್ಟಿಸಿದರೆ ಎಷ್ಟೋ ಕೂಸುಗಳು ಉಳಿದಾವೆಂಬ ಆಸೆಯಿಂದ ಆರು ದೇಶಗಳಲ್ಲಿ ದೊಡ್ಡ ಪರೀಕ್ಷೆಯೊಂದು ನಡೆಯಿತು. ಅರ್ಜೆಂಟೀನ, ಗ್ವಾಟೆಮಾಲ, ಕೆನ್ಯಾ, ಜಾಂಬಿಯಾ, ಪಾಕಿಸ್ತಾನ, ಭಾರತ ಇವು ಆ ದೇಶಗಳು. ಭಾರತದಲ್ಲಿ ಬೆಳಗಾವಿ ಮತ್ತು ನಾಗಪುರಗಳು. ಕೆಲವು ಪ್ರದೇಶಗಳಲ್ಲಿ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಔಷಧವನ್ನು ಒದಗಿಸಿದರು. ಉಳಿದ ಪ್ರದೇಶಗಳಲ್ಲಿ ಎಂದಿನಂತೆ ಬಿಟ್ಟರು. ಬಹಳ ಮಂದಿ ತಾಯಂದಿರಿಗೆ ಎಷ್ಟು ವಾರವೆಂಬುದೇ ಸರಿಯಾಗಿ ತಿಳಿಯದು. ಮುಟ್ಟು ನಿಂತ ದಿನ ನೆನಪಿಲ್ಲದಿದ್ದರೆ ಹೊಟ್ಟೆಯನ್ನು ಟೇಪಿನಿಂದ ಅಳೆದು ಅಂದಾಜು ಮಾಡಬೇಕಾಗಿತ್ತು. ಫಲಿತಾಂಶಕ್ಕೂ ವಾರದ ಲೆಕ್ಕ ನಂಬಲರ್ಹವಾಗಿರಲಿಲ್ಲ. ಆದುದರಿಂದ ನೂರು ಕೂಸುಗಳಲ್ಲಿ ತೀರ ಹಗುರಾದ ಐದನ್ನು 'ದಿನ ತುಂಬದವು' ಎಂಬುದಕ್ಕೆ ಬದಲಾಗಿ ಇಟ್ಟುಕೊಂಡರು. ದಿನ ತುಂಬಿಯೂ ಬಡಕಲಾಗಿ ಹುಟ್ಟುವ ಕೂಸುಗಳು ನಮ್ಮಲ್ಲಿ ಎಷ್ಟಿವೆ ಎಂಬುದನ್ನು ಬಲ್ಲವರಿಗೆ ಈ ಬದಲಿಯ ಕಷ್ಟ ತಿಳಿದೀತು.

2015ರಲ್ಲಿ ಲಕ್ಷದ ಸಮೀಪದ ಜನನಗಳ ಲೆಕ್ಕ ಹೊರಬಂದಿತು. ತೀರ ಹಗುರಾದ ಕೂಸುಗಳಲ್ಲಿ ಮೊದಲ ತಿಂಗಳ ಸಾವು ಔಷಧದ ಪ್ರದೇಶಗಳಲ್ಲಿ ಸಾವಿರಕ್ಕೆ 225, ಉಳಿದೆಡೆ 232. ಅಂದರೆ ಹೆಚ್ಚುಕಡಿಮೆ ಸಮ. ಇಲ್ಲಿಗೆ ಪುಸ್ತಕವನ್ನು ಮುಚ್ಚಿದ್ದರೆ 'ಲಾಭವಿಲ್ಲ, ನಷ್ಟವೂ ಇಲ್ಲ' ಎಂದು ಬರೆದುಬಿಡಬಹುದಾಗಿತ್ತು. ಆದರೆ ಸಂಶೋಧಕರು ಎಲ್ಲ ಕೂಸುಗಳನ್ನೂ ಎಣಿಸಿದ್ದರು. ಎಲ್ಲರನ್ನೂ ಸೇರಿಸಿದಾಗ ಔಷಧದ ಪ್ರದೇಶಗಳಲ್ಲಿ ಸಾವಿರಕ್ಕೆ 27.4 ಸಾವು, ಉಳಿದೆಡೆ 23.9. ಸೋಂಕು ತಗುಲಿದ್ದೀತೆಂಬ ಶಂಕೆಗೊಳಗಾದ ತಾಯಂದಿರೂ ಔಷಧದ ಪ್ರದೇಶಗಳಲ್ಲಿಯೇ ಹೆಚ್ಚು. ಔಷಧ ಪಡೆದ ಬಹುಪಾಲು ತಾಯಂದಿರು ಹೆತ್ತದ್ದು ಅಷ್ಟು ಹಗುರಾದ ಕೂಸುಗಳನ್ನಲ್ಲ. ನಮ್ಮ ಬೀದಿಯ ಸೊಸೆಯಂಥವರು! ಅವರನ್ನು ಎಣಿಸದಿದ್ದರೆ ಸಾವಿರಕ್ಕೆ ಮೂರೂವರೆಯಷ್ಟು ಕೂಸುಗಳ ಸಾವು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಎಲ್ಲರೂ ಪುಣ್ಯದ ಕೆಲಸವೆಂದೇ ತಿಳಿದು ಮುಂದುವರಿಸುತ್ತಿದ್ದರು.

ಹಾಗಾದರೆ ಔಷಧ ಕೆಟ್ಟದ್ದೆ? ಅದೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ಬಾಂಗ್ಲಾದೇಶ, ಭಾರತ, ಕೆನ್ಯಾ, ನೈಜೀರಿಯಾ, ಪಾಕಿಸ್ತಾನಗಳ 29 ಆಸ್ಪತ್ರೆಗಳಲ್ಲಿ 2852 ತಾಯಂದಿರಲ್ಲಿ ಮತ್ತೊಂದು ಪರೀಕ್ಷೆ ನಡೆಸಿತು. ಅಲ್ಲಿ ಸ್ಕ್ಯಾನಿನಿಂದ ವಾರವನ್ನು ನಿರ್ಣಯಿಸಿದರು. ಹುಟ್ಟಿದ ಕೂಸಿಗೆ ಆರೈಕೆಯ ಅನುಕೂಲವಿತ್ತು. ಚೀಟಿಯ ಎರಡೂ ಕಡೆಯವರಿಗೆ ಒಂದೇ ರೀತಿಯ ಸೀಸೆಗಳು. 2020ರಲ್ಲಿ ಬಂದ ಫಲಿತಾಂಶದಂತೆ ನವಜಾತ ಶಿಶುಗಳ ಸಾವು ಔಷಧ ಪಡೆದವರಲ್ಲಿ ಶೇಕಡ 19.6, ಪಡೆಯದವರಲ್ಲಿ ಶೇಕಡ 23.5. ಲಾಭವು ಸ್ಪಷ್ಟವಾದ್ದರಿಂದ ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಿದರು. ಸತ್ತು ಹುಟ್ಟಿದವರನ್ನು ಸೇರಿಸಿದರೂ 25.7 ಮತ್ತು 29.2. ಪಕ್ಕದ ಮಂಚದವಳ ಕೂಸಿನಂಥವು ಇಲ್ಲಿ ಲೆಕ್ಕದೊಳಗೆ ಬಂದುವು. ಬಂದ ಮೇಲೂ ಔಷಧ ಗೆದ್ದಿತು. ಇಂತಹ ಗೆಲುವನ್ನು ನಂಬಬಹುದು.

ಈ ವಿಷಯದಲ್ಲಿ ಎರಡು ಬಗೆಯ ಜನರೊಡನೆ ನನಗೆ ಭಿನ್ನಾಭಿಪ್ರಾಯವಿದೆ. "ಅಂಕಿಸಂಖ್ಯೆಯೆಲ್ಲ ಬೂಟಾಟಿಕೆ, ಹೇಗೆ ಬೇಕಾದರೂ ತಿರುಗಿಸಬಹುದು, ಅನುಭವವೊಂದೇ ಪ್ರಮಾಣ" ಎನ್ನುವವರು ಮೊದಲನೆಯವರು. ಕಲಾ ವಿಭಾಗದ ನಮ್ಮಲ್ಲಿ ಇಂತಹವರು ಹೆಚ್ಚು ಎಂದು ಸಂಕೋಚದಿಂದಲೇ ಒಪ್ಪುತ್ತೇನೆ. ಇವರು ಒಂದನ್ನು ಮರೆಯುತ್ತಾರೆ. 1972ರಲ್ಲಿಯೇ ಆಕ್ಲೆಂಡಿನ ಫಲಿತಾಂಶ ಹೊರಬಂದಿದ್ದರೂ ಅನೇಕ ವೈದ್ಯರು ತಮ್ಮ ತಮ್ಮ ಅನುಭವವನ್ನು ನಂಬಿ, ಎರಡು ದಶಕಗಳಷ್ಟು ಕಾಲ ಈ ಔಷಧವನ್ನು ಕೊಡಲು ಹಿಂಜರಿದರು. 1994ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು ತಜ್ಞರ ಸಭೆ ಕರೆದು ಸ್ಪಷ್ಟವಾಗಿ ಶಿಫಾರಸು ಮಾಡಬೇಕಾಯಿತು. ಅಷ್ಟರಲ್ಲಿ ಉಳಿಯಬಹುದಾಗಿದ್ದ ಎಷ್ಟು ಕೂಸುಗಳು ಹೋದುವೋ! ವೈದ್ಯಕೀಯ ಪರೀಕ್ಷೆಗಳನ್ನು ಒಟ್ಟುಗೂಡಿಸಿ ತೂಗಿನೋಡುವುದಕ್ಕೆಂದು 1993ರಲ್ಲಿ ಸ್ಥಾಪನೆಯಾದ ಕಾಕ್ರೇನ್ ಸಂಸ್ಥೆಯು ಈ ಔಷಧದ ಏಳು ಪರೀಕ್ಷೆಗಳ ಚಿತ್ರವನ್ನೇ ತನ್ನ ಲಾಂಛನವಾಗಿ ಮಾಡಿಕೊಂಡಿದೆ. ಲೆಕ್ಕವನ್ನು ಕಡೆಗಣಿಸಿದ್ದಕ್ಕೆ ತೆತ್ತ ಬೆಲೆಯನ್ನು ಆ ಲಾಂಛನವು ಇಂದಿಗೂ ನೆನಪಿಸುತ್ತಿದೆ.

ಎರಡನೆಯವರು ಹೇಳುವುದು ಹೀಗೆ: "ನಮ್ಮ ಆಸ್ಪತ್ರೆಗಳಲ್ಲಿ ಮಂಚಕ್ಕೆ ಇಬ್ಬರಂತೆ ಮಲಗಿರುವಾಗ, ಸಿಸ್ಟರುಗಳಿಗೆ ಊಟಕ್ಕೆ ಬಿಡುವಿಲ್ಲದಿರುವಾಗ, ಈ ಸೂಕ್ಷ್ಮಗಳಿಗೆ ಎಲ್ಲಿ ವೇಳೆ? ಬದುಕಿಸುವುದು ಮುಖ್ಯ, ಬರೆಯುವುದಲ್ಲ." ಈ ಮಾತಿನಲ್ಲಿ ನೋವಿದೆ, ಸತ್ಯವೂ ಇದೆ. ಅಕ್ಕನನ್ನು ನೋಡಿಕೊಂಡ ಸಿಸ್ಟರು ಎರಡು ರಾತ್ರಿ ಕಣ್ಣು ಮುಚ್ಚಲಿಲ್ಲ. ಅವರ ಮೇಲೆ ಇನ್ನೊಂದು ರಿಜಿಸ್ಟರಿನ ಹೊರೆ ಹೊರಿಸಲು ನನಗೆ ಮನಸ್ಸಿಲ್ಲ. ಆದರೆ ಅವರು ಈಗಲೂ ಬರೆಯುತ್ತಿದ್ದಾರೆ. ಹೆರಿಗೆ ವಾರ್ಡಿನಲ್ಲಿ ಒಂದು, ಮಕ್ಕಳ ವಾರ್ಡಿನಲ್ಲಿ ಒಂದು, ಹಳ್ಳಿಯ ಆಶಾ ಕಾರ್ಯಕರ್ತೆಯ ಕೈಯಲ್ಲಿ ಮತ್ತೊಂದು. ಬರಹ ಕಡಿಮೆಯಿಲ್ಲ, ಒಂದಕ್ಕೊಂದು ಕೂಡುವುದಿಲ್ಲ, ಅಷ್ಟೆ. ನಮ್ಮ ದೇಶದಲ್ಲಿ 2014ರ ಮಾರ್ಗಸೂಚಿಯಂತೆ, ದೊಡ್ಡ ಆಸ್ಪತ್ರೆಗೆ ಕಳಿಸುವ ಮುಂಚೆ ಈ ಇಂಜೆಕ್ಷನ್ನಿನ ಮೊದಲ ಡೋಸನ್ನು ದಾದಿಯೇ ಕೊಡಬಹುದೆಂದು ಆಗಿದೆ. ಕೊಟ್ಟ ಮೇಲೆ ಆ ತಾಯಿಗೆ ಏನಾಯಿತೆಂಬುದು ಕೊಟ್ಟವಳಿಗೆ ತಿಳಿಯಬೇಡವೆ?

ನನ್ನ ಸಲಹೆ ಸರಳವಾದುದು. ಲೆಕ್ಕವು ತೊಟ್ಟಿಲಿನಿಂದ ಆರಂಭವಾಗಬಾರದು, ತಾಯಿಯಿಂದ ಆರಂಭವಾಗಬೇಕು. ಇಂಜೆಕ್ಷನ್ ಪಡೆದ ಪ್ರತಿಯೊಬ್ಬ ಗರ್ಭಿಣಿಯ ಹೆಸರಿನ ಮುಂದೆ, ಮಗು ಮುಂಚೆ ಹುಟ್ಟಿರಲಿ, ದಿನ ತುಂಬಿ ಹುಟ್ಟಿರಲಿ, ಸತ್ತು ಹುಟ್ಟಿರಲಿ, ಬೇರೆ ಊರಿನಲ್ಲಿ ಹುಟ್ಟಿರಲಿ, ಫಲವನ್ನು ಬರೆಯಬೇಕು. ಪಡೆಯಬೇಕಾಗಿದ್ದೂ ಪಡೆಯದೆ ಹೋದವಳ ಹೆಸರೂ, ಏಕೆ ಪಡೆಯಲಿಲ್ಲವೆಂಬ ಕಾರಣವೂ ಅದೇ ಪುಟದಲ್ಲಿರಬೇಕು. ತಿಂಗಳ ಲೆಕ್ಕ ತಪ್ಪಿದರೆ ಮುಂದಿನದೆಲ್ಲ ತಪ್ಪುವುದರಿಂದ ಮೊದಲ ಮೂರು ತಿಂಗಳೊಳಗೆ ಒಂದು ಸ್ಕ್ಯಾನ್ ಎಲ್ಲರಿಗೂ ದೊರೆಯಬೇಕು. ವಿಶ್ವ ಆರೋಗ್ಯ ಸಂಸ್ಥೆಯೂ ವಾರದ ಲೆಕ್ಕ ನಿಖರವಾಗಿರಬೇಕು, ತಾಯಿಗೆ ಸೋಂಕಿರಬಾರದು, ಕೂಸಿಗೆ ಆರೈಕೆಯ ಅನುಕೂಲವಿರಬೇಕು ಎಂಬ ಷರತ್ತುಗಳನ್ನು ಇಟ್ಟೇ ಈ ಔಷಧವನ್ನು ಹೇಳಿದೆ.

ಮನೆಗೆ ಹೋದ ಮಕ್ಕಳನ್ನೂ ಮರೆಯಬಾರದು. ಆಕ್ಲೆಂಡಿನವರು ತಮ್ಮ ಮೊದಲ ಪರೀಕ್ಷೆಯ ಕೂಸುಗಳನ್ನು ಹುಡುಕಿಕೊಂಡು ಹೋಗಿ, ಮೂವತ್ತು ವರ್ಷದವರಾದ 534 ಮಂದಿಯನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದರು. ಮರಳಿ ತೋರಿಸಲು ಬಂದವರನ್ನು ಮಾತ್ರ ನೋಡಿದರೆ, ಬಸ್ಸಿನ ಖರ್ಚಿಲ್ಲದವರು, ಮಗುವನ್ನು ಕಳೆದುಕೊಂಡವರು, ಬೇಸತ್ತವರು ಎಲ್ಲರೂ ಲೆಕ್ಕದ ಹೊರಗೆ ಉಳಿಯುತ್ತಾರೆ. ಬಾರದವರ ಮನೆಗೆ ನಾವೇ ಹೋಗಬೇಕು.

ಇದರಲ್ಲಿ ನಮ್ಮಂಥ ವಿದ್ಯಾರ್ಥಿಗಳಿಗೂ ಕೆಲಸವಿದೆ. ನಮ್ಮ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳಲ್ಲಿ ಚರಂಡಿ ತೋಡಿ, ಗಿಡ ನೆಟ್ಟು ಬರುತ್ತೇವೆ, ಒಳ್ಳೆಯದೇ. ಒಂದು ವರ್ಷ ಆಶಾ ಕಾರ್ಯಕರ್ತೆಯರ ಜೊತೆಯಲ್ಲಿ, ಅವರ ಅನುಮತಿಯಿಂದ, ಈ ತಾಯಂದಿರ ಮನೆಗಳಿಗೆ ಹೋಗಿ ಬಿಟ್ಟುಹೋದ ಮನೆಗಳನ್ನು ತುಂಬಿಸಿಕೊಟ್ಟರೆ ಹೇಗೆ? ಅರ್ಥಶಾಸ್ತ್ರದ ತರಗತಿಯಲ್ಲಿ ಕಲಿತ ಸರಾಸರಿ, ಶೇಕಡಗಳು ಅಲ್ಲಿ ಯಾರ ಕೆಲಸಕ್ಕಾದರೂ ಬಂದಾವು. ಅಧ್ಯಾಪಕರು ಇದನ್ನು ಯೋಚಿಸಬೇಕೆಂದು ಬೇಡುತ್ತೇನೆ.

ಅಕ್ಕನ ಮಗ ಬದುಕಿದ್ದು ಇಂಜೆಕ್ಷನ್ನಿನಿಂದಲೇ ಎಂದು ಅಮ್ಮ ನಂಬಿದ್ದಾಳೆ. ಇರಬಹುದು. ಅದಿಲ್ಲದೆಯೂ ಬದುಕುತ್ತಿದ್ದನೋ ಏನೋ. ಒಂದು ಮಗುವಿನ ವಿಷಯದಲ್ಲಿ ಯಾರೂ ಹೇಳಲಾರರು. ಅನೇಕ ಮಕ್ಕಳನ್ನು, ಎಲ್ಲ ಮಕ್ಕಳನ್ನು, ಬಿಡದೆ ಎಣಿಸಿದರೆ ಮಾತ್ರ ಹೇಳಬಹುದು. ಪಕ್ಕದ ಮಂಚದ ಆ ತಾಯಿ ಬರಿಗೈಯಲ್ಲಿ ಮನೆಗೆ ಹೊರಟಾಗ ಅಕ್ಕನ ಮಗುವಿಗೆಂದು ತಾನು ಹೊಲಿದಿಟ್ಟಿದ್ದ ಕುಲಾವಿಯನ್ನು ಕೊಟ್ಟುಹೋದಳು. ಆ ಕುಲಾವಿ ನಮ್ಮ ಮನೆಯಲ್ಲಿ ಇನ್ನೂ ಇದೆ. ಅವಳ ಕೂಸಿಗೆ ಏನಾಯಿತು, ಏಕಾಯಿತು ಎಂಬುದು ಯಾವ ಹಲಗೆಯ ಮೇಲೂ ಇಲ್ಲ. ಮುಂದೆ ಅದೇ ಮಂಚದ ಮೇಲೆ ಮಲಗುವವಳಿಗಾಗಿಯಾದರೂ ಅದನ್ನು ಬರೆದಿಡಬೇಕಾಗಿತ್ತು.

— ಅಂತಿಮ ಬಿ.ಎ. ವಿದ್ಯಾರ್ಥಿನಿ